ಕಳ್ಳತನ ರಕ್ತದಲ್ಲಿ ಬರುತ್ತದೆಯೇ?

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಯಾವ ಊರಿನ ಸಂತೆಯೇ ಆಗಲಿ, ಯಾರದೋ ರೊಕ್ಕ ಕಳುವಾದರೆ ಅನುಮಾನ ಮೊದಲು ಹೋಗುವುದು ಊರ ಹೊರಗಿನ ಗುಡಿಸಲುಗಳ ಕಡೆಗೆ. ‘ಅದು ಅವರ ರಕ್ತದಾಗ ಐತಿ ಬಿಡ್ರಿ’ ಎಂಬ ಮಾತು ಬರುತ್ತದೆ. ಹಾಗೆನ್ನಬಾರದು ಎಂದು ಯಾರಾದರೂ ತಡೆದರೆ ‘ನಮಗೇನ್ ದ್ವೇಷ ಇಲ್ರಿ, ಕಣ್ಣಾರೆ ಕಂಡಿದ್ದು ಹೇಳ್ತೇವಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಜ್ಞಾನ ಹೊರಡುವುದೂ ಕಣ್ಣಾರೆ ಕಂಡದ್ದರಿಂದಲೇ. ಆದರೆ ಅದು ಮುಂದಿನ ಪ್ರಶ್ನೆಗಳನ್ನು ಬಿಡುವುದಿಲ್ಲ: ಎಷ್ಟು ಜನರನ್ನು ನೋಡಿದಿರಿ, ಯಾರನ್ನು ನೋಡದೆ ಬಿಟ್ಟಿರಿ, ನೋಡಿದ್ದರಿಂದ ರಕ್ತದವರೆಗೆ ಯಾವ ದಾರಿಯಲ್ಲಿ ಹೋದಿರಿ?

ಈ ‘ರಕ್ತದ ಮಾತು’ ಒಂದು ಕಾಲಕ್ಕೆ ಸರಕಾರದ ಕಾಯ್ದೆಯೇ ಆಗಿತ್ತು. ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ ಆಗುವ ದೇಶದಲ್ಲಿ ಕಳ್ಳನ ಮಗನೂ ಕಳ್ಳನೇ ಆಗುತ್ತಾನೆ ಎಂಬ ತರ್ಕದ ಮೇಲೆ ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಅದು 1911ರ ಹೊಸ ರೂಪದಲ್ಲಿ ದಕ್ಷಿಣಕ್ಕೂ ಹಬ್ಬಿತು. ಸರಕಾರ ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದರೆ ಕೋರ್ಟಿನಲ್ಲಿ ಅದನ್ನು ಪ್ರಶ್ನಿಸುವಂತಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರು ಬೆರಳಚ್ಚು ಕೊಡಬೇಕು, ಠಾಣೆಯಲ್ಲಿ ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಸರಕಾರಕ್ಕಿತ್ತು. ಹುಟ್ಟಿದ್ದೇ ಅಪರಾಧವಾದಾಗ ಕಾಯ್ದೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಈ ಒಂದು ಕಲಮು ಸಾಕು.

ಆಗ ಮುಂಬಯಿ ಪ್ರಾಂತದಲ್ಲಿದ್ದ ವಿಜಾಪುರ, ಹುಬ್ಬಳ್ಳಿ, ಗದಗದಲ್ಲಿ ಇಂಥವರಿಗೆಂದೇ ಸೆಟ್ಲಮೆಂಟುಗಳು ಎದ್ದವು. ಬೆಟಗೇರಿಯ ಸೆಟ್ಲಮೆಂಟ್ ಓಣಿ ಇವತ್ತಿಗೂ ಅದೇ ಹೆಸರಿನಲ್ಲಿದೆ. ಗಂಟಿಚೋರ, ಕೊರವ, ಹರಣಶಿಕಾರಿ ಮೊದಲಾದ ಸಮುದಾಯಗಳ ಕುಟುಂಬಗಳು ಇಂಥ ಸೆಟ್ಲಮೆಂಟುಗಳ ಬೇಲಿಯೊಳಗೆ ಬಾಳಿದವು. ಅವರು ಮೊದಲು ಏನು ಮಾಡುತ್ತಿದ್ದರು ಎಂಬುದನ್ನು ಕಾಯ್ದೆ ಕೇಳಲೇ ಇಲ್ಲ. ಕೊರವರು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುವ ವ್ಯಾಪಾರಿಗಳು. ಲಂಬಾಣಿಗರು ಎತ್ತಿನ ಹಿಂಡುಗಳ ಮೇಲೆ ಸೈನ್ಯಗಳಿಗೆ ದವಸ ಸಾಗಿಸಿದವರು. ರೈಲು ಬಂತು, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು, ಕಾಡಿಗೆ ಕಾವಲು ಬಿತ್ತು. ಒಂದು ತಲೆಮಾರು ಕಳೆಯುವುದರೊಳಗೆ ಕಸಬು ಹೋಯಿತು. ಮದ್ರಾಸ್ ಪ್ರಾಂತದ ಕೊರವರ ಮಟ್ಟಿಗೆ ಈ ಇತಿಹಾಸವನ್ನು ಕಡತಗಳಿಂದ ಹೊರತೆಗೆದವರು ಮೀನಾ ರಾಧಾಕೃಷ್ಣ. ಕಸಬು ಕಳೆದುಕೊಂಡು ಅಲೆಯುವವರನ್ನು ಕಂಡ ಅಧಿಕಾರಿಗಳು ಅಲೆದಾಟವನ್ನೇ ಅಪರಾಧದ ಗುರುತು ಎಂದು ಬರೆದುಕೊಂಡರು.

ಮುಂಬಯಿ ಪ್ರಾಂತದ ಸೆಟ್ಲಮೆಂಟುಗಳ ಮುಖ್ಯಸ್ಥನಾಗಿದ್ದ ಐಸಿಎಸ್ ಅಧಿಕಾರಿ ಓ. ಎಚ್. ಬಿ. ಸ್ಟಾರ್ಟ್, ಸೆಟ್ಲಮೆಂಟಿನವರಿಗೆ ಗಿರಣಿಯಲ್ಲಿ ಕೆಲಸ, ಮಕ್ಕಳಿಗೆ ಶಾಲೆ ಕೊಟ್ಟರೆ ಬದುಕಿನ ರೀತಿ ಬದಲಾಗುತ್ತದೆ ಎಂದು ನಂಬಿ ನಡೆದವನು. ಗಮನಿಸಬೇಕಾದದ್ದು ಇಲ್ಲೇ. ಕಳ್ಳತನ ರಕ್ತದಲ್ಲಿದ್ದರೆ ಗಿರಣಿ ಕೂಲಿಯಿಂದ ಅದು ಹೋಗುವುದು ಹೇಗೆ? ಕಾಯ್ದೆ ರಕ್ತದ ಮೇಲೆ ನಿಂತಿತ್ತು, ಆ ಕಾಯ್ದೆಯ ಕೈಕೆಳಗಿನ ಸೆಟ್ಲಮೆಂಟು ಕೂಲಿಯ ಮೇಲೆ ನಿಂತಿತ್ತು. ಎರಡೂ ಒಟ್ಟಿಗೆ ನಿಜವಾಗಲಾರವು.

ಹಾಗಾದರೆ ಪೊಲೀಸ್ ದಫ್ತರದಲ್ಲಿದ್ದ ಅಂಕಿಗಳು ಸುಳ್ಳೇ? ಸುಳ್ಳಾಗಬೇಕಿಲ್ಲ. ಎರಡು ಕೇರಿಗಳಿವೆ, ಎರಡರಲ್ಲೂ ನೂರು ನೂರು ಜನ, ಇಬ್ಬಿಬ್ಬರು ಕಳ್ಳರು ಎಂದುಕೊಳ್ಳಿ. ಒಂದು ಕೇರಿಯಲ್ಲಿ ದಿನಾಲೂ ಹಾಜರಿ, ಪ್ರತಿ ಕಳುವಿಗೂ ಜಡತಿ. ಇನ್ನೊಂದಕ್ಕೆ ಯಾರೂ ಕಾಲಿಡುವುದಿಲ್ಲ. ವರ್ಷದ ಕೊನೆಗೆ ದಫ್ತರದಲ್ಲಿ ಮೊದಲನೆಯ ಕೇರಿಯ ಹೆಸರುಗಳೇ ಇರುತ್ತವೆ. ಅದನ್ನು ತೋರಿಸಿ ಮರುವರ್ಷ ಕಾವಲು ಹೆಚ್ಚಿಸುತ್ತಾರೆ, ಹೆಸರುಗಳೂ ಹೆಚ್ಚುತ್ತವೆ. ಪಾಸಿಲ್ಲದೆ ಊರು ಬಿಟ್ಟದ್ದೇ ಅಪರಾಧವಾದ ಮೇಲೆ, ಮಗಳ ಮನೆಗೆ ಹೋಗಿಬಂದವನೂ ಅಪರಾಧಿಯಾಗಿ ದಾಖಲಾಗಬಹುದಿತ್ತು.

ದಫ್ತರದ ಮಾತು ಹಾಗಿರಲಿ, ನಮ್ಮ ಕಣ್ಣನ್ನೇ ನಂಬಬಹುದೇ? 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ‘ಎ’, ‘ಬಿ’ ಎಂಬ ಎರಡು ಗುಂಪುಗಳ ಜನ ಮಾಡಿದ ಕೆಲಸಗಳ ಬಗ್ಗೆ 39 ವಾಕ್ಯಗಳನ್ನು ಅವರು ಜನರಿಗೆ ತೋರಿಸಿದರು. ‘ಎ’ ದೊಡ್ಡ ಗುಂಪು: 18 ಒಳ್ಳೆಯ ಕೆಲಸ, 8 ಕೆಟ್ಟವು. ‘ಬಿ’ ಚಿಕ್ಕದು: 9 ಒಳ್ಳೆಯವು, 4 ಕೆಟ್ಟವು. ಪ್ರಮಾಣ ಎರಡರಲ್ಲೂ ಒಂದೇ. ಆದರೂ ಆಮೇಲೆ ಕೇಳಿದಾಗ, ಕೆಟ್ಟ ಕೆಲಸಗಳಲ್ಲಿ ಇದ್ದದ್ದಕ್ಕಿಂತ ಹೆಚ್ಚಿನ ಪಾಲನ್ನು ಜನ ‘ಬಿ’ ಗುಂಪಿನ ತಲೆಗೆ ಕಟ್ಟಿದರು. ಆ ಗುಂಪುಗಳಿಗೆ ಜಾತಿ ಇಲ್ಲ, ಬಣ್ಣ ಇಲ್ಲ, ಹಳೆಯ ಹಗೆ ಇಲ್ಲ. ಇದ್ದದ್ದು ಇಂಗ್ಲಿಷಿನ ಒಂದೊಂದು ಅಕ್ಷರ. ಅಪರೂಪದ ಗುಂಪು ಮತ್ತು ಅಪರೂಪದ ಕೆಲಸ ಒಟ್ಟಿಗೆ ಬಂದರೆ ನೆನಪಿನಲ್ಲಿ ಗಟ್ಟಿಯಾಗಿ ಅಂಟುತ್ತವೆ. ಮೊನ್ನೆ ಊರಿನವನೊಬ್ಬ ಮಾಡಿದ ಕಳುವು ಮರೆತುಹೋಗುತ್ತದೆ, ಹತ್ತು ವರ್ಷದ ಹಿಂದೆ ಗುಡಿಸಲಿನವನು ಮಾಡಿದ್ದು ನೆನಪಿರುತ್ತದೆ. ‘ಕಣ್ಣಾರೆ ಕಂಡೆ’ ಎನ್ನುವವನು ಸುಳ್ಳು ಹೇಳುತ್ತಿಲ್ಲ. ಅವನ ಮನಸ್ಸು ಲೆಕ್ಕ ತಪ್ಪಿದೆ.

ಇಷ್ಟಾದರೂ ಒಂದು ವಾದ ಉಳಿಯುತ್ತದೆ. ಅಣ್ಣತಮ್ಮಂದಿರ ಸ್ವಭಾವಕ್ಕೂ ಜೀನುಗಳಿಗೂ ಸಂಬಂಧವಿದೆಯೆಂದು ವಿಜ್ಞಾನಿಗಳೇ ಒಪ್ಪುವಾಗ, ಸಮುದಾಯಕ್ಕೇಕೆ ಇರಬಾರದು? ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಬೀಜದ ಉದಾಹರಣೆಯಿಂದ ಇದನ್ನು ಬಿಡಿಸಿದ. ಅದನ್ನು ಗದಗ ಸೀಮೆಯ ಹೊಲಕ್ಕೆ ತರೋಣ. ಬಗೆಬಗೆಯ ತಳಿ ಬೆರೆತ ಒಂದೇ ಚೀಲದಿಂದ ಎರಡು ಹಿಡಿ ಜೋಳ ತೆಗೆದು, ಒಂದನ್ನು ಹದವಾದ ಎರಿ ಹೊಲಕ್ಕೆ, ಇನ್ನೊಂದನ್ನು ಸವಕಲು ಮಸಾರಿಗೆ ಬಿತ್ತಿ. ಎರಿ ಹೊಲದೊಳಗೇ ಒಂದು ದಂಟು ಎತ್ತರ, ಇನ್ನೊಂದು ಗಿಡ್ಡ. ಮಣ್ಣು, ನೀರು ಒಂದೇ ಆದ್ದರಿಂದ ಆ ವ್ಯತ್ಯಾಸ ಬೀಜದ್ದು. ಮಸಾರಿಯ ಒಳಗೂ ಹಾಗೆಯೇ. ಆದರೆ ಎರಿಯ ಬೆಳೆ ಒಟ್ಟಾರೆ ಎದೆಮಟ್ಟ, ಮಸಾರಿಯದು ಮೊಣಕಾಲುಮಟ್ಟ ಬಂದರೆ ಆ ಅಂತರ ಪೂರ್ತಿ ಮಣ್ಣಿನದು. ಪ್ರತಿ ಹೊಲದೊಳಗಿನ ವ್ಯತ್ಯಾಸವೆಲ್ಲ ಬೀಜದಿಂದಲೇ ಬಂದಿದ್ದರೂ, ಹೊಲ ಹೊಲಗಳ ನಡುವಿನ ಅಂತರದಲ್ಲಿ ಬೀಜದ ಪಾತ್ರ ಸೊನ್ನೆಯಾಗಿರಬಹುದು. ಮಸಾರಿಯ ದಂಟು ನೋಡಿ ಬೀಜವನ್ನು ಬೈಯುವ ರೈತ ನಮ್ಮಲ್ಲಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಆ ತಪ್ಪನ್ನು ಓದಿದವರೂ ಮಾಡುತ್ತಾರೆ. ಇದೇ ಲೆವಾಂಟಿನ್ 1972ರಲ್ಲಿ, ಮನುಷ್ಯರ ತಳಿವೈವಿಧ್ಯದ ಸುಮಾರು 85% ಯಾವುದೇ ಒಂದು ಜನಸಮುದಾಯದ ಒಳಗೇ ಇದೆ, ಜನಾಂಗ ಜನಾಂಗಗಳ ನಡುವೆ ಇರುವುದು ಸುಮಾರು 6% ಮಾತ್ರ ಎಂದು ತೋರಿಸಿಕೊಟ್ಟ.

ಹಾಗೆಂದು ಸಮುದಾಯದ ಹೆಸರು ಹಿಡಿದು ಹೇಳಿದ್ದೆಲ್ಲ ಪೂರ್ವಗ್ರಹವೆಂದೂ ಅಲ್ಲ. ಆಂಧ್ರ, ಕರ್ನಾಟಕದ ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಆಪರೇಷನ್ ಹೊತ್ತಿನಲ್ಲಿ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿಯ ಪರಿಣಾಮ ಬೇಗ ಇಳಿಯುವುದಿಲ್ಲವೆಂದು ಅರಿವಳಿಕೆ ವೈದ್ಯರು ಬಲ್ಲರು. ಆ ಔಷಧಿಯನ್ನು ಒಡೆಯುವ ಕಿಣ್ವ ಅವರಲ್ಲಿ ಕಡಿಮೆ. ಕಾರಣವಾದ ಜೀನು ಗೊತ್ತು, ರಕ್ತಪರೀಕ್ಷೆಯಿಂದ ಒಬ್ಬೊಬ್ಬರಲ್ಲೂ ಇದೆಯೋ ಇಲ್ಲವೋ ಹೇಳಬಹುದು. ತಲೆಮಾರುಗಳ ಒಳಮದುವೆಯ ಫಲವಿದು. ಇದು ಪ್ರಾಮಾಣಿಕ ಅವಲೋಕನ. ‘ಆ ಜಾತಿಯವರು ಕಳ್ಳರು’ ಎಂಬ ಮಾತಿನ ಹಿಂದೆ ಜೀನೂ ಇಲ್ಲ, ಪರೀಕ್ಷೆಯೂ ಇಲ್ಲ. ಕಳುವೆಂಬುದು ಕಿಣ್ವದ ಕೊರತೆಯಲ್ಲ. ಹಸಿವು, ಅವಕಾಶ, ಸಹವಾಸ, ಕಾನೂನು ಎಲ್ಲ ಕೂಡಿ ಆಗುವ ಕೃತ್ಯ ಅದು.

ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಆ ಕಾಯ್ದೆಯನ್ನು ರದ್ದು ಮಾಡಿತು. ಆದರೆ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಹಳೆಯ ಭಾಷೆ ಉಳಿದೇ ಇತ್ತು. ಯಾವ ಜಾತಿಯ ಕೈದಿ ಅಡಿಗೆ ಮಾಡಬೇಕು, ಯಾವ ಜಾತಿಯವನು ಕಕ್ಕಸು ಬಳಿಯಬೇಕು ಎಂಬುದೂ ಅವುಗಳಲ್ಲಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಆ ನಿಯಮಗಳನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು, ಕೈದಿಗಳ ದಾಖಲೆಯಲ್ಲಿನ ಜಾತಿಯ ಕಾಲಂ ಅಳಿಸಲು ಹೇಳಿತು. ಪಟ್ಟಿಯಿಂದ ಬಿಡುಗಡೆಯಾದ ಈ ಸಮುದಾಯಗಳವರನ್ನು ಮನಬಂದಂತೆ ಬಂಧಿಸದ ಹಾಗೆ ನೋಡಿಕೊಳ್ಳಬೇಕೆಂದು ಪೊಲೀಸರಿಗೂ ಅದೇ ತೀರ್ಪು ಆದೇಶಿಸಿದೆ.