ದೇಶದ ಸಾಲ: ಬಡ್ಡಿ ಕಟ್ಟುವವರು ಯಾರು?

ಕೇಂದ್ರ ಸರಕಾರದ ಒಟ್ಟು ಸಾಲ ಮಾರ್ಚ್ 2025ರ ಕೊನೆಗೆ ಸುಮಾರು 180 ಲಕ್ಷ ಕೋಟಿ ರೂಪಾಯಿ. ಇದನ್ನು ದೇಶದ ಜನರಿಗೆಲ್ಲ ಸಮನಾಗಿ ಹಂಚಿದರೆ ತೊಟ್ಟಿಲಲ್ಲಿರುವ ಮಗುವಿನ ತಲೆಯ ಮೇಲೂ ಒಂದೂಕಾಲು ಲಕ್ಷ ರೂಪಾಯಿಯಷ್ಟು ಸಾಲ ಬೀಳುತ್ತದೆ. ರಾಜ್ಯಗಳ ಸಾಲ ಇದರಲ್ಲಿ ಸೇರಿಲ್ಲ. ವಸೂಲಿಗೆಂದು ಯಾರೂ ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ, ನಿಜ. ಆದರೂ ಈ ಸಾಲದ ಭಾರವನ್ನು ನಾವು ದಿನವೂ ಹೊರುತ್ತಿದ್ದೇವೆ. ಅದು ಹೇಗೆ?

ಬಡ್ಡಿಗೆ ಹೋಗುವ ಹಣ

2025-26ರ ಬಜೆಟ್‌ನಲ್ಲಿ ಬಡ್ಡಿ ಪಾವತಿಗಾಗಿಯೇ 12.76 ಲಕ್ಷ ಕೋಟಿ ರೂಪಾಯಿ ತೆಗೆದಿಡಲಾಯಿತು. ಅಂದರೆ ಕೇಂದ್ರದ ಕೈಗೆ ಬರುವ ರಾಜಸ್ವ ಆದಾಯದ ಪ್ರತಿ 100 ರೂಪಾಯಿಯಲ್ಲಿ ಸುಮಾರು 37 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅದೇ ಬಜೆಟ್‌ನಲ್ಲಿ ಆರೋಗ್ಯ ಇಲಾಖೆಗೆ ಸಿಕ್ಕಿದ್ದು ಸುಮಾರು ಒಂದು ಲಕ್ಷ ಕೋಟಿ ಮಾತ್ರ. ಆಸ್ಪತ್ರೆಗೆ, ಶಾಲೆಗೆ ಹಣ ಸಾಲದು ಎಂಬ ಉತ್ತರದ ಹಿಂದಿರುವ ಒಂದು ಮುಖ್ಯ ಕಾರಣ ಇದು.

ಸಾಲ ಕೊಟ್ಟವರು ಯಾರು?

ನಮ್ಮ ಸಾಲವೆಲ್ಲ ವಿಶ್ವ ಬ್ಯಾಂಕಿನದ್ದು ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಕೇಂದ್ರದ ಸಾಲದಲ್ಲಿ ಶೇಕಡಾ 90ಕ್ಕೂ ಹೆಚ್ಚು ದೇಶದೊಳಗಿನದ್ದೇ. ಬ್ಯಾಂಕುಗಳು, ಎಲ್‌ಐಸಿ, ಭವಿಷ್ಯನಿಧಿ, ಅಂಚೆ ಕಚೇರಿಯ ಉಳಿತಾಯ, ಹೀಗೆ ನಾವು ಕೂಡಿಟ್ಟ ಹಣವನ್ನೇ ಸರಕಾರ ಸಾಲವಾಗಿ ಪಡೆಯುತ್ತದೆ. ಉಳಿತಾಯ ಇರುವವರಿಗೆ ಬಡ್ಡಿಯ ಒಂದು ಪಾಲು ಹಿಂದಿರುಗಿ ಬರುತ್ತದೆ. ಆದರೆ ಬೀಡಿ ಕಟ್ಟುವ, ಮೀನು ಮಾರುವ ಬಡ ಮಹಿಳೆಗೆ ದೊಡ್ಡ ಠೇವಣಿ ಎಲ್ಲಿದೆ? ಒಂದು ಸೋಪು ಕೊಂಡಾಗ ಆಕೆ ಕೊಡುವ ಜಿಎಸ್‌ಟಿ ಶ್ರೀಮಂತ ಕೊಡುವಷ್ಟೇ. ಬಡ್ಡಿ ಕಟ್ಟುವುದರಲ್ಲಿ ಆಕೆಗೂ ಪಾಲಿದೆ, ಪಡೆಯುವುದರಲ್ಲಿ ಬಹುತೇಕ ಇಲ್ಲ. ಸಾಲದ ನಿಜವಾದ ಅನ್ಯಾಯ ಇರುವುದು ಇಲ್ಲಿ.

ಎಲ್ಲ ಸಾಲವೂ ಕೆಟ್ಟದ್ದೇ?

ಖಂಡಿತ ಅಲ್ಲ. ಸಾಲ ಮಾಡಿ ದೋಣಿ ಕೊಂಡವನು ದುಡಿದು ತೀರಿಸಬಲ್ಲ. ಸಾಲ ಮಾಡಿ ಊಟ ಮಾಡಿದವನಿಗೆ ನಾಳೆ ಮತ್ತೆ ಸಾಲವೇ ಗತಿ. ರೈಲು, ಬಂದರು, ರಸ್ತೆಗೆ ಹಾಕಿದ ಹಣ ಮುಂದೆ ಆದಾಯ ತರುತ್ತದೆ. ಆದರೆ 2025-26ರಲ್ಲಿ ಅಂದಾಜಿಸಿದ 15.69 ಲಕ್ಷ ಕೋಟಿ ವಿತ್ತೀಯ ಕೊರತೆಯಲ್ಲಿ 5.24 ಲಕ್ಷ ಕೋಟಿ, ಅಂದರೆ ಮೂರನೇ ಒಂದು ಪಾಲು, ದೈನಂದಿನ ಖರ್ಚು ತುಂಬಿಸಲು ಮಾಡುವ ಸಾಲ.

1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಡಬೇಕಾಯಿತು. ಇಂದು ಅಂತಹ ಸ್ಥಿತಿ ಇಲ್ಲ. ಸಾಲಕ್ಕೆ ಮಿತಿ ಹಾಕಲು 2003ರಲ್ಲಿ ಕಾನೂನೂ ಬಂತು. 2018ರ ತಿದ್ದುಪಡಿಯಂತೆ ಕೇಂದ್ರದ ಸಾಲ 2024-25ರ ಹೊತ್ತಿಗೆ ಜಿಡಿಪಿಯ ಶೇಕಡಾ 40ಕ್ಕೆ ಇಳಿಯಬೇಕಿತ್ತು. ನಡುವೆ ಕೊರೋನಾ ಬಂತು, 2020-21ರಲ್ಲಿ ಕೊರತೆ ಶೇಕಡಾ 9ನ್ನು ದಾಟಿತು. ಈಗಿನ ಗುರಿ 2031ರ ಮಾರ್ಚ್ ವೇಳೆಗೆ ಶೇಕಡಾ 50ರ ಆಸುಪಾಸು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಮನೆಗೆ ಮಾತ್ರವಲ್ಲ, ಸರಕಾರಕ್ಕೂ ಅನ್ವಯಿಸುತ್ತದೆ. ಮುಂದಿನ ಚುನಾವಣೆಯಲ್ಲಿ ಯಾವುದೇ ಪಕ್ಷದವರು ಭರವಸೆ ಕೊಡುವಾಗ ಎರಡು ಪ್ರಶ್ನೆ ಕೇಳೋಣ: ಇದಕ್ಕೆ ಹಣ ಎಲ್ಲಿಂದ? ಸಾಲವಾದರೆ, ಬಡ್ಡಿ ಕಟ್ಟುವವರು ಯಾರು?