ಗಾಡಿ ಎತ್ತಿದರಾಯಿತೇ? ಅಪ್ಪರ್ ಆರ್ಮ್ ಕೇಳುವವರಾರು!

ಮೂಡಿಗೆರೆ, ಆಲ್ದೂರು, ಕೊಟ್ಟಿಗೆಹಾರದ ಕಡೆ ಬಸ್ಸಿಗೆ ಕಾಯುತ್ತ ನಿಂತವರು ಇದನ್ನು ನೋಡಿಯೇ ಇರುತ್ತೀರಿ. ಆಳೆತ್ತರದ ಪಿಕಪ್ಪು, ತೊಡೆಯವರೆಗೆ ಬರುವ ಟೈರು, ಮೂಗು ಮೇಲೆತ್ತಿಕೊಂಡ ಠೀವಿ. ತೋಟದ ರಸ್ತೆಗೆ ಬೇಕು ಅಂತ ಕೆಲವರು ಎತ್ತಿಸುತ್ತಾರೆ, ನೋಡೋಕೆ ಚೆಂದ ಅಂತ ಹಲವರು ಎತ್ತಿಸುತ್ತಾರೆ. ದುಡ್ಡು ಅವರದು, ಗಾಡಿ ಅವರದು, ನಮಗೇನು ಅನ್ನಬೇಡಿ. ಘಾಟಿಯ ತಿರುವಿನಲ್ಲಿ ಆ ಗಾಡಿ ಎದುರಿಗೆ ಬರುವುದು ನೀವು ಕೂತ ಬಸ್ಸಿಗೇ!

ಹಿಂದೆ ತೋಟದ ಸಾಹುಕಾರರ ಬಳಿ ಇದ್ದದ್ದು ವಿಲ್ಲೀಸ್ ಜೀಪು. ಅದರ ಮುಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಪ್ಲೇಟ್ ಸ್ಪ್ರಿಂಗು. ಒಂದೆರಡು ಪ್ಲೇಟು ಜಾಸ್ತಿ ಹಾಕಿಸಿದರೆ ಗಾಡಿ ಎದ್ದು ನಿಲ್ಲುತ್ತಿತ್ತು. ಅದೇ ಲೆಕ್ಕವನ್ನು ಈಗಿನ ಗಾಡಿಗೆ ಹಾಕಿದರೆ ಕೆಟ್ಟಿತು. 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಆಗಲಿ, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಆಗಲಿ, ಹಿಂದುಗಡೆ ಮಾತ್ರ ಪ್ಲೇಟು. ಮುಂದುಗಡೆ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಕಾಯಿಲ್ ಸ್ಪ್ರಿಂಗು, ಕೆಳಗೊಂದು ಆರ್ಮ್, ಮೇಲೊಂದು ಆರ್ಮ್. ಭಾರ ಹೊರುವುದು ಕೆಳಗಿನದು. ಮೇಲಿನದು, ಅಂದರೆ ಅಪ್ಪರ್ ಆರ್ಮ್, ಚಕ್ರದ ತಲೆಯನ್ನು ಹಿಡಿದು ನೆಟ್ಟಗೆ ನಿಲ್ಲಿಸುತ್ತದೆ. ಅದರ ತುದಿಯಲ್ಲಿರುವುದು ಬಾಲ್ ಜಾಯಿಂಟು, ಬುಡದಲ್ಲಿರುವುದು ಬುಶ್ಶು.

ಸ್ಟ್ರಟ್ಟಿನ ಮೇಲೆ ಸ್ಪೇಸರ್ ಕೂರಿಸಿಯೋ, ಉದ್ದನೆಯ ಸ್ಪ್ರಿಂಗು ಹಾಕಿಯೋ ಗಾಡಿ ಎತ್ತಿದಾಗ ಈ ಅಪ್ಪರ್ ಆರ್ಮ್ ಕೆಳಮುಖವಾಗಿ ಜೋತುಬೀಳುತ್ತದೆ. ಆಗ ಮೂರು ತೊಂದರೆ ಹುಟ್ಟುತ್ತವೆ.

ಮೊದಲನೆಯದು ಕ್ಯಾಸ್ಟರ್. ಸೈಕಲ್ಲಿನ ಹ್ಯಾಂಡಲ್ ಕಂಬ ನೆಟ್ಟಗಿರದೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದಲ್ಲ, ಆ ಓರೆಗೆ ಕ್ಯಾಸ್ಟರ್ ಅನ್ನುತ್ತಾರೆ. ಅದು ಇರುವುದರಿಂದಲೇ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುತ್ತದೆ. ಗಾಡಿ ಎತ್ತಿದರೆ ಈ ಓರೆ ಕಮ್ಮಿಯಾಗುತ್ತದೆ. ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗು ಸರಾಗವಾಗಿ ವಾಪಸು ಬರುವುದಿಲ್ಲ, ನೇರ ರಸ್ತೆಯಲ್ಲಿ ಗಾಡಿ ಆಚೆ ಈಚೆ ಅಲೆಯುತ್ತದೆ. ಎರಡನೆಯದು, ಚಕ್ರ ಹಳ್ಳಕ್ಕೆ ಇಳಿದಾಗ ಬಾಲ್ ಜಾಯಿಂಟು ತಿರುಗುವಷ್ಟು ತಿರುಗಿ ಕೊನೆ ಮುಟ್ಟುತ್ತದೆ. ದಿನವೂ ಹೀಗಾದರೆ ಬೇಗ ಸವೆಯುತ್ತದೆ, ಪೂರಾ ಸವೆದರೆ ಕಳಚಬಹುದು. ಕಳಚಿದರೆ ಚಕ್ರ ವಾಲಿತು, ಸ್ಟೇರಿಂಗು ಕೈಬಿಟ್ಟಿತು. ಮೂರನೆಯದು, ಚಕ್ರ ಪೂರ್ತಿ ಜೋತಾಗ ಆರ್ಮ್ ಸ್ಪ್ರಿಂಗಿಗೇ ಬಡಿಯಬಹುದು.

ಇದಕ್ಕೆ ಮದ್ದೇ ಪೇಟೆಯಲ್ಲಿ ಸಿಗುವ ಬೇರೆ ಕಂಪನಿಯ ಅಪ್ಪರ್ ಆರ್ಮ್. ಆಸ್ಟ್ರೇಲಿಯಾ, ಥಾಯ್ಲೆಂಡ್, ಅಮೆರಿಕದಲ್ಲಿ ಪಿಕಪ್ಪು ಎತ್ತುವುದೇ ಒಂದು ದೊಡ್ಡ ವ್ಯಾಪಾರ. ಅಲ್ಲಿಂದ ಬರುವ ಜೋಡಿಗೆ ಹತ್ತಾರು ಸಾವಿರ ರೂಪಾಯಿ. ನಮ್ಮವರು ಅಂಗಡಿಗೆ ಹೋಗಿ ಕೇಳುವುದೇನು? ‘ಮೇಸ್ತ್ರೀ, ಇದರಲ್ಲಿ ದಪ್ಪಗಿರೋದು ಯಾವುದು? ಕೆಂಪು ಬಣ್ಣದ್ದು ಇದೆಯಾ?’ ಭಾರವನ್ನೇ ಹೊರದ ಆರ್ಮಿಗೆ ದಪ್ಪ ಕಟ್ಟಿಕೊಂಡು ಏನಾಗಬೇಕು ಸ್ವಾಮಿ! ಕೇಳಬೇಕಾದ್ದು ಕೋನದ ಮಾತು.

ಎಲ್ಲಕ್ಕಿಂತ ಮೊದಲು, ಆರ್ಮ್ ಬೇಕೇ ಬೇಕಾ ಅಂತ ಕೇಳಿಕೊಳ್ಳಿ. ಸುಮಾರು 50 ಮಿಲಿಮೀಟರ್, ಅಂದರೆ ಎರಡು ಇಂಚಿನೊಳಗೆ ಎತ್ತಿದ ಗಾಡಿಯನ್ನು ಕಂಪನಿಯ ಆರ್ಮಿನಲ್ಲೇ ಅಲೈನ್‌ಮೆಂಟ್ ಮಾಡಿ ಸರಿಪಡಿಸಲು ಸಾಮಾನ್ಯವಾಗಿ ಆಗುತ್ತದೆ. ಅಲೈನ್‌ಮೆಂಟ್ ಮಾಡಿಸಿ ಚೀಟಿ ತೆಗೆಸಿ. ಕ್ಯಾಸ್ಟರ್ ಕಂಪನಿಯ ಮಿತಿಯೊಳಗೆ ಬಂದಿದ್ದರೆ, ಜಾಕ್ ಕೊಟ್ಟು ಚಕ್ರ ಜೋತುಬಿಟ್ಟಾಗ ಆರ್ಮಿಗೂ ಸ್ಪ್ರಿಂಗಿಗೂ ನಡುವೆ ಜಾಗ ಉಳಿದಿದ್ದರೆ, ದುಡ್ಡು ಜೇಬಿನಲ್ಲೇ ಇರಲಿ. ಎರಡು ಇಂಚು ದಾಟಿದರೆ, ಅಥವಾ ಚೀಟಿಯಲ್ಲಿ ಕ್ಯಾಸ್ಟರ್ ಬರಲೇ ಇಲ್ಲವೆಂದರೆ, ಆಗ ಆರ್ಮ್ ಮಾತಾಡೋಣ.

ಕೊಳ್ಳುವಾಗ ನಾಲ್ಕು ಸಂಗತಿ ನೋಡಿ. ಕ್ಯಾಸ್ಟರ್ ಸರಿಪಡಿಸುವಂತೆ ಆರ್ಮ್ ಮಾಡಿದ್ದಾರೋ ಇಲ್ಲವೋ, ಯಾವ ಗಾಡಿಗೆ, ಎಷ್ಟು ಇಂಚಿನ ಎತ್ತರಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ. ಅದು ಮೊದಲನೆಯದು.

ಎರಡನೆಯದು ಬಾಲ್ ಜಾಯಿಂಟು. ರಬ್ಬರ್ ಟೋಪಿ ಹಾಕಿ ಮುಚ್ಚಿದ, ಹೆಚ್ಚು ತಿರುಗುವ ಬಾಲ್ ಜಾಯಿಂಟು ಒಂದು ಬಗೆ. ಯೂನಿಬಾಲ್ ಅನ್ನುವ ಬೇರಿಂಗು ಇನ್ನೊಂದು ಬಗೆ. ಯೂನಿಬಾಲ್ ಇನ್ನೂ ಹೆಚ್ಚು ತಿರುಗುತ್ತದೆ ನಿಜ, ಮರುಭೂಮಿಯಲ್ಲಿ ರೇಸು ಓಡಿಸುವವರಿಗೆ ಅದೇ ಬೇಕು. ಆದರೆ ಮೈ ತೆರೆದ ಬೇರಿಂಗಿಗೆ ಕೆಸರು, ನೀರು ಸಲೀಸಾಗಿ ನುಗ್ಗುತ್ತದೆ. ಜೂನ್‌ನಿಂದ ತಿಂಗಳುಗಟ್ಟಲೆ ಮಳೆ ಹೊಯ್ಯುವ ನಮ್ಮ ಮಲೆನಾಡಿಗೆ ಮುಚ್ಚಿದ ಜಾಯಿಂಟೇ ವಾಸಿ.

ಮೂರನೆಯದು ಬುಶ್ಶು. ರಬ್ಬರ್ ಬುಶ್ಶು ಸದ್ದು ಮಾಡುವುದಿಲ್ಲ, ಗ್ರೀಸು ಕೇಳುವುದಿಲ್ಲ. ಪಾಲಿಯುರೆಥೇನ್ ಬುಶ್ಶು ಗಟ್ಟಿ, ಆದರೆ ಗ್ರೀಸು ಮರೆತರೆ ಕಿರುಗುಟ್ಟುತ್ತದೆ. ಗ್ರೀಸು ಹೊಡೆಸುವ ಅಭ್ಯಾಸ ಇಲ್ಲದವರು ರಬ್ಬರೇ ಹಾಕಿಸಿ.

ನಾಲ್ಕನೆಯದೇ ಮುಖ್ಯ: ನಾಳೆ ಬಾಲ್ ಜಾಯಿಂಟು ಸವೆದರೆ ಅದೊಂದೇ ಬಿಡಿಯಾಗಿ ಸಿಗುತ್ತದೆಯೇ? ಸಿಗದಿದ್ದರೆ ಸಾವಿರಾರು ರೂಪಾಯಿಯ ಆರ್ಮನ್ನೇ ಎಸೆಯಬೇಕು. ಇಲ್ಲವೇ ಸವೆದದ್ದರಲ್ಲೇ ಓಡಿಸಬೇಕು. ನಮ್ಮವರು ಎರಡನೆಯದನ್ನೇ ಮಾಡುತ್ತಾರೆ, ಅದೇ ಭಯ.

ಇನ್ನು ಕೆಲವರು ಮಹಾ ಜಾಣರು. ‘ಇಂಪೋರ್ಟೆಡ್ ಯಾಕೆ, ನಮ್ಮ ಲೇತಿನವನ ಹತ್ರ ಪೈಪ್ ವೆಲ್ಡ್ ಮಾಡಿಸಿದರಾಯ್ತು’ ಅಂತಾರೆ. ಗೇಟಿಗೆ, ಟ್ರೈಲರಿಗೆ ವೆಲ್ಡಿಂಗು ಸರಿ. ಅಪ್ಪರ್ ಆರ್ಮ್ ಒಂದೊಂದು ಗುಂಡಿಗೂ ಎಳೆತ, ತಳ್ಳಾಟ ತಿನ್ನುವ ಭಾಗ. ಬೆಸುಗೆ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಕೂದಲೆಳೆಯ ಬಿರುಕು ಬೆಳೆಯುತ್ತಿರುತ್ತದೆ. ಆ ಕೆಲಸ ಮಾತ್ರ ಬೇಡ.

ಆರ್ಮ್ ಬಂತೆಂದರೆ ಎಲ್ಲಾ ಮುಗಿಯಲಿಲ್ಲ. ಬಾಲ್ ಜಾಯಿಂಟಿನ ನಟ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಸಬೇಕು. ಪಿನ್ನು ಹಾಕುವ ನಟ್ಟಾದರೆ ಹೊಸ ಪಿನ್ನು ಹಾಕಬೇಕು. ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಿಗಿ ಕೊಡಬೇಕು, ಜೋತಾಡುವಾಗ ಬಿಗಿಸಿದರೆ ಬುಶ್ಶು ತಿರುಚಿಕೊಂಡೇ ಇದ್ದು ಹರಿಯುತ್ತದೆ. ಬ್ರೇಕ್ ಹೋಸು, ಎಬಿಎಸ್ ವೈರು ಎಳೆದುಕೊಳ್ಳುತ್ತಿಲ್ಲವಷ್ಟೇ ಅಂತ ನೋಡಬೇಕು. ಮತ್ತೆ ಅಲೈನ್‌ಮೆಂಟು. 500ರಿಂದ 1,000 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಎಲ್ಲ ಬಿಗಿ ನೋಡಿಸಬೇಕು. ಚಕ್ರಕ್ಕೆ ಹೋಗುವ ಆಕ್ಸಲ್ ಜಾಯಿಂಟಿನ ಓರೆಯನ್ನು ಯಾವ ಅಪ್ಪರ್ ಆರ್ಮೂ ಸರಿಮಾಡಲಾರದು. ಅತಿಯಾಗಿ ಎತ್ತಿದರೆ ಅದರ ರಬ್ಬರ್ ಬೂಟು ಹರಿಯುವುದೇ. ಹೆಡ್‌ಲೈಟು ಇಳಿಸಿ ಹೊಂದಿಸದಿದ್ದರೆ ಆ ಬೆಳಕು ನೇರ ಎದುರಿನ ಬಸ್ ಡ್ರೈವರನ ಕಣ್ಣಿಗೆ!

ವ್ಯಾಪಾರಕ್ಕೆಂದು ಹಳೇ ಪಿಕಪ್ಪು ಕೊಳ್ಳುವ ಅಂಗಡಿಯವರಿಗೂ ಒಂದು ಮಾತು. ಎತ್ತಿದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಮುಂದಿನ ಟೈರಿನ ಒಂದೇ ಅಂಚು ಸವೆದಿದೆಯೇ ನೋಡಿ. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬಾಲ್ ಜಾಯಿಂಟೋ ಬೇರಿಂಗೋ ಹೋಗಿದೆ. ಬಾಲ್ ಜಾಯಿಂಟಿನ ಟೋಪಿ ಹರಿದು ಗ್ರೀಸು ಹೊರಬಂದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಹೇಳಿದ ವಿವರಗಳಿಗೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಅಂತ ಸೇರಿತು. ವಿಮೆಯವರಿಗೆ ತಿಳಿಸದೆ ಎತ್ತಿಸಿದ್ದರೆ ಅಪಘಾತವಾದಾಗ ಕ್ಲೇಮಿಗೂ ತಕರಾರು ಬರಬಹುದು. ಎತ್ತಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲೂ ವಿಮೆ ಕಚೇರಿಯಲ್ಲೂ ವಿಚಾರಿಸುವುದು ಕ್ಷೇಮ.

ಆರ್.ಟಿ.ಓ. ಸಾಹೇಬರು ಬಣ್ಣದ ಗಾಜು, ನಂಬರ್ ಪ್ಲೇಟು ನೋಡುವ ಜೊತೆಗೆ ಒಮ್ಮೆ ಬಗ್ಗಿ ಈ ಗಾಡಿಗಳ ಚಕ್ರದ ಒಳಗೂ ಟಾರ್ಚು ಬಿಡಲಿ. ಗಾಡಿಯ ಧಣಿಗಳು ಬಣ್ಣಕ್ಕೆ ಕೊಡುವ ದುಡ್ಡಿನಲ್ಲಿ ಒಂದಿಷ್ಟನ್ನು ಅಲೈನ್‌ಮೆಂಟ್ ಚೀಟಿಗೆ ಕೊಡಲಿ. ಮಳೆಗಾಲ, ಮಂಜು, ಚಾರ್ಮಾಡಿಯ ತಿರುವು. ಅಲ್ಲಿ ಸ್ಟೇರಿಂಗು ಕೈಗೆ ಸಿಕ್ಕರೆ ಸಾಕು, ಠೀವಿ ಆಮೇಲೆ.