ಬ್ಯಾಂಕು ನಮ್ಮೂರಿನದು, ಕೆಲಸ ಯಾರಿಗೆ?

ಇಚಿಲಂಪಾಡಿ: ಧರ್ಮಸ್ಥಳ–ಸುಬ್ರಹ್ಮಣ್ಯ ರಸ್ತೆಯ ಬದಿಯಲ್ಲಿ ಬೆಳಗ್ಗಿನ ಬಸ್ಸಿಗೆ ಕಾಯುವವರಲ್ಲಿ ಫೈಲು ಹಿಡಿದವರನ್ನು ಎಲ್ಲಿಗೆಂದು ಕೇಳಬೇಕಾಗಿಲ್ಲ. ಒಂದೋ ಪುತ್ತೂರಿನಲ್ಲಿ ಕೋಚಿಂಗ್, ಇಲ್ಲದಿದ್ದರೆ ಮಂಗಳೂರಿನಲ್ಲಿ ಪರೀಕ್ಷೆ.

ಒಂದು ಕಾಲಕ್ಕೆ ಈ ಕಡೆ ಮಗ ಡಿಗ್ರಿ ಮುಗಿಸಿದ ಎಂದರೆ ಬ್ಯಾಂಕಿಗೆ ಎಂದೇ ಲೆಕ್ಕ. ಅದು ಸುಮ್ಮನೆ ಹುಟ್ಟಿದ ಆಸೆಯಲ್ಲ. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ – ಐದೂ ಅವಿಭಜಿತ ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿದವು. ವಿಜಯಾ ಬ್ಯಾಂಕಿನ ಮೂಲ್ಕಿ ಸುಂದರರಾಮ ಶೆಟ್ಟರು ಊರಿನ ಎಷ್ಟೋ ಹುಡುಗರಿಗೆ ದಾರಿ ಮಾಡಿಕೊಟ್ಟದ್ದನ್ನು ಹಳಬರು ಈಗಲೂ ನೆನೆಯುತ್ತಾರೆ.

ಈಗ ಐದರಲ್ಲಿ ಎರಡು ಹೆಸರು ಮಾತ್ರ ಬಾಕಿ. 2019ರ ಏಪ್ರಿಲ್ 1ಕ್ಕೆ ವಿಜಯಾ, ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಬೋರ್ಡು ಇಳಿಸಿದಾಗ ಕಣ್ಣೀರು ಹಾಕಿದವರುಂಟು. ಆದರೆ ಕೆಲಸದ ಬಾಗಿಲು ದೂರ ಹೋದದ್ದು ಅದಕ್ಕೂ ಮೊದಲೇ. 2011ರಿಂದ ಹೆಚ್ಚಿನ ಸರಕಾರಿ ಬ್ಯಾಂಕುಗಳಿಗೆ ಐಬಿಪಿಎಸ್‌ನ ಒಂದೇ ಪರೀಕ್ಷೆ. ಕರ್ನಾಟಕದ ಗುಮಾಸ್ತೆ ಹುದ್ದೆಗೆ ಬೀದರಿನವರೂ ಬಳ್ಳಾರಿಯವರೂ ಅದೇ ಸಾಲಿನಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ, ಸಾಲು ಉದ್ದ ಆಯ್ತು ಅಷ್ಟೆ.

ಮೊದಲ ಸುತ್ತಿನಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಮಾರ್ಕು ಕಟ್. ಅದರಲ್ಲಿ 30 ಇಂಗ್ಲಿಷಿನದು. ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಪರೀಕ್ಷೆ ಬರೆಯಬಹುದೆಂದು ಕೇಂದ್ರ ಹಣಕಾಸು ಇಲಾಖೆ ಹೇಳಿದ್ದು 2021ರಲ್ಲಿ. ಆದರೂ ಆ 30 ಇಂಗ್ಲಿಷಿನಲ್ಲೇ ಉಳಿದಿದೆ, ಕನ್ನಡ ಮೀಡಿಯಂನವರು ಜಾರುವುದು ಅಲ್ಲಿಯೇ. ಬೆಳಗ್ಗಿನ ಪಾಳಿ ಬಿದ್ದರೆ ಮುನ್ನಾದಿನವೇ ಮಂಗಳೂರಿನ ನೆಂಟರ ಮನೆ ಹುಡುಕಬೇಕು. ಹುಡುಗಿಯರಾದರೆ ಜೊತೆಗೆ ಅಪ್ಪನ ಒಂದು ದಿನದ ಕೆಲಸವೂ ಹೋಯಿತು. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಗಡಿ 28. ನಾಲ್ಕು ಸಲ ಬರೆದು ಬರುವಷ್ಟರಲ್ಲಿ ಅದೂ ಹತ್ತಿರ.

ಇತ್ತ ತೋಟದಲ್ಲಿ ಅಡಿಕೆ ಮರ ಹತ್ತುವವರಿಲ್ಲ. ಮರವೇ ಹತ್ತದೆ ನೆಲದಲ್ಲಿ ನಿಂತು ಕೊಯ್ಯುವ ಫೈಬರ್ ದೋಟಿ ಬಂದದ್ದೇ ಅದಕ್ಕೆ. ಮರ ಹತ್ತುವವನ ದಿನದ ಸಂಬಳ ಪೇಟೆಯ ಅಂಗಡಿ ಸೇಲ್ಸ್‌ಮ್ಯಾನಿಗಿಂತ ಜಾಸ್ತಿಯೇ. ಆದರೆ ಹೆಣ್ಣು ಕೊಡುವವರು "ಹುಡುಗನಿಗೆ ಏನು ಕೆಲಸ?" ಎಂದು ಕೇಳಿದರೆ, "ಅಡಿಕೆ ಕೊಯ್ತಾನೆ" ಎನ್ನಲು ತಂದೆಗೇ ನಾಚಿಕೆ. ಹಾಗಾಗಿ ಮಗ ಫೈಲು ಹಿಡಿದು ಬಸ್ಸಿಗೆ ನಿಂತಿದ್ದಾನೆ. ತೋಟದಲ್ಲಿ ಹಣ್ಣಡಿಕೆ ಉದುರ್ತಾ ಉಂಟು.